ಅಜ್ಜಿಗೆ 25 ಮೈಲಿ, ಮೊಮ್ಮಗಳಿಗೆ ಇಡೀ ದೇಶ

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಮಗನ ಮನೆಗೆಂದು ಟೆಕ್ಸಾಸ್‌ನ ಲರೇಡೋಗೆ ಹೋಗಿದ್ದೆ. ಪಕ್ಕದ ಮನೆಯ ಮೆಕ್ಸಿಕನ್ ಮಕ್ಕಳು ಒಂದೇ ವಾಕ್ಯದಲ್ಲಿ ಇಂಗ್ಲಿಷು, ಸ್ಪ್ಯಾನಿಶ್ ಎರಡನ್ನೂ ಕಲಸುತ್ತಾರೆ. ಯಾವುದೂ ನೆಟ್ಟಗೆ ಬಾರದು. ವಲಸೆ ಬಂದವರ ಪಾಡು ಇಷ್ಟೇ ಏನು? ಇವರನ್ನು ಏನೆಂದು ಕರೆಯಬೇಕು?’

ಮೊದಲು ‘ವಲಸೆ’ಯ ಮಾತು. ಲರೇಡೋ ಸ್ಪೇನಿನ ಆಳ್ವಿಕೆಯಲ್ಲಿ 1755ರಲ್ಲಿ ಕಟ್ಟಿದ ಊರು. ಅಮೆರಿಕ, ಮೆಕ್ಸಿಕೋ ನಡುವಿನ 1848ರ ಒಪ್ಪಂದ ರಿಯೋ ಗ್ರಾಂಡೆ ನದಿಯನ್ನೇ ಗಡಿ ಮಾಡಿತು. ಮೆಕ್ಸಿಕೋದವರಾಗಿಯೇ ಉಳಿಯಬಯಸಿದ ಕುಟುಂಬಗಳು ಆಚೆ ದಡಕ್ಕೆ ಹೋಗಿ ನ್ಯೂವೊ ಲರೇಡೋದಲ್ಲಿ ನೆಲೆಸಿದವು. ಆಮೇಲೆ ಬಂದವರು ಬಹಳ ಮಂದಿ ಇದ್ದಾರೆ, ನಿಜ. ಆದರೆ ಪಕ್ಕದ ಮನೆಯವರು ಯಾವ ಬಗೆಯವರೆಂದು ಕೇಳದೆ ತಿಳಿಯುವುದಿಲ್ಲ.

ಭಾಷೆ ಕಲಸುವುದಕ್ಕೂ ವ್ಯಾಕರಣವಿದೆ. ಆ ಮಕ್ಕಳು ‘ಕಾಸಾ ಬ್ಲಾಂಕಾ’ (ಕಾಸಾ ಎಂದರೆ ಮನೆ, ಬ್ಲಾಂಕಾ ಎಂದರೆ ಬಿಳಿ) ಎನ್ನುತ್ತಾರೆ, ‘ವೈಟ್ ಹೌಸ್’ ಎನ್ನುತ್ತಾರೆ. ‘ಕಾಸಾ ವೈಟ್’ ಎಂದರೆ ಅವರ ಕಿವಿಗೇ ಒಗ್ಗದು. ಸ್ಪ್ಯಾನಿಶ್‌ನಲ್ಲಿ ವಿಶೇಷಣ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ, ಇಂಗ್ಲಿಷ್‌ನಲ್ಲಿ ಮೊದಲು. ಎರಡರ ಕ್ರಮವೂ ಹೊಂದುವ ಜಾಗದಲ್ಲಷ್ಟೇ ಅವರು ಭಾಷೆ ದಾಟುವುದು. ನಾವು ‘ಪಾರ್ಕ್’ಗೆ ‘ಮಾಡು’ ಸೇರಿಸಿದಂತೆ ಅವರು ‘ಎಯಾರ್’ ಸೇರಿಸಿ ‘ಪಾರ್ಕೆಯಾರ್’ ಮಾಡಿಕೊಂಡಿದ್ದಾರೆ. ಎಡವುವುದು ನುಡಿಗಟ್ಟಿನಲ್ಲಿ. ಇಂಗ್ಲಿಷಿನ ‘ಕಾಲ್ ಬ್ಯಾಕ್’ ಅನ್ನು ಹಾಗೇ ಇಳಿಸಿ ‘ತೆ ಯಾಮೊ ಪಾ ತ್ರಾಸ್’ ಎಂದರೆ, ಮೆಕ್ಸಿಕೋದ ಒಳನಾಡಿನವರಿಗೆ ‘ನಿನ್ನನ್ನು ಹಿಂದಕ್ಕೆ ಕರೆಯುತ್ತೇನೆ’ ಎಂದು ಕೇಳಿಸುತ್ತದೆ. ಅವರು ನಗುತ್ತಾರೆ.

ಭಾಷೆ ನಿಜವಾಗಿ ಕಳೆದುಹೋದದ್ದು ಬೇರೆ ಕಾರಣಕ್ಕೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವುದನ್ನು ಟೆಕ್ಸಾಸ್ 1918ರಲ್ಲಿ ಅಪರಾಧವಾಗಿಸಿತು. ಶಾಲೆಯಲ್ಲಿ ಸ್ಪ್ಯಾನಿಶ್ ಆಡಿ ಏಟು ತಿಂದ ಎಷ್ಟೋ ಮಂದಿ ಮುಂದೆ ತಮ್ಮ ಮಕ್ಕಳೊಡನೆ ಬರೀ ಇಂಗ್ಲಿಷ್ ಆಡಿದರು. 1973ರ ಕಾಯ್ದೆ ಗಾಳಿಯನ್ನು ತಿರುಗಿಸಿತು: ಒಂದು ಶಾಲಾ ಜಿಲ್ಲೆಯಲ್ಲಿ ಒಂದೇ ತರಗತಿಯ, ಇಂಗ್ಲಿಷ್ ಸಾಲದ 20 ಮಕ್ಕಳಿದ್ದರೆ ದ್ವಿಭಾಷಾ ಪಾಠ ಕಡ್ಡಾಯ.

ನನ್ನ ಕೇಳಿದರೆ, ಆ ಮಕ್ಕಳನ್ನು ಕಾಡುವುದು ಭಾಷೆಗಿಂತ ಹೆಚ್ಚಾಗಿ ಕಾಗದಪತ್ರ. ಹೆಸರನ್ನೇ ತೆಗೆದುಕೊಳ್ಳಿ. ಮೆಕ್ಸಿಕೋದ ಕ್ರಮದಲ್ಲಿ ಆನಾ ಗಾರ್ಸಿಯಾ ಲೋಪೆಸ್ ಎಂದರೆ ಗಾರ್ಸಿಯಾ ತಂದೆಯ ಕಡೆಯದು, ಲೋಪೆಸ್ ತಾಯಿಯ ಕಡೆಯದು. ಅಮೆರಿಕದ ಅರ್ಜಿಯಲ್ಲಿ ಗಾರ್ಸಿಯಾ ನಡುವಿನ ಹೆಸರಾಗಿ ಲೋಪೆಸ್ ಕೊನೆಯ ಹೆಸರಾಗುತ್ತದೆ. ಶಾಲೆಯ ದಾಖಲೆ ಒಂದು ಹೆಸರಿನಲ್ಲಿ, ಆಸ್ಪತ್ರೆಯದು ಇನ್ನೊಂದರಲ್ಲಿ. (ತಂದೆಯ ಹೆಸರೇ ಸರ್‌ನೇಮ್ ಆಗಿಬಿಟ್ಟ ನಮ್ಮವರಿಗೆ ಈ ಪೇಚು ಹೊಸದಲ್ಲ.) ಜನನಪತ್ರದ ಕೊನೆಯ ಹೆಸರಿನ ಜಾಗದಲ್ಲೇ ಎರಡನ್ನೂ ಬರೆಸಿ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಪಾಸ್‌ಪೋರ್ಟುಗಳಲ್ಲಿ ಒಂದಕ್ಷರ ಬದಲಿಸದೆ ಇಡುವುದೇ ದಾರಿ. 1998ರಿಂದ ಮೆಕ್ಸಿಕೋ ಎರಡು ರಾಷ್ಟ್ರೀಯತೆಯನ್ನು ಒಪ್ಪುವುದರಿಂದ, ಮುಂದೆ ಕಾನ್ಸುಲೇಟ್‌ನಲ್ಲಿ ಮಗುವನ್ನು ನೋಂದಾಯಿಸುವಾಗ ಇದು ಬೇಕಾಗುತ್ತದೆ.

ಇನ್ನು ಅಜ್ಜಿ. ಆಚೆ ದಡದ ಅಜ್ಜಿಯ ಬಳಿ ಹತ್ತು ವರ್ಷದ ಗಡಿ ದಾಟುವ ಕಾರ್ಡ್ ಇರುತ್ತದೆ. ಟೆಕ್ಸಾಸ್‌ನಲ್ಲಿ ಅದು ಗಡಿಯಿಂದ 25 ಮೈಲಿಗಷ್ಟೇ ಸಾಕು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಬರಬಹುದು. ಅದೇ ಮೊಮ್ಮಗಳು ಸುಮಾರು 150 ಮೈಲಿ ದೂರದ ಸಾನ್ ಆಂಟೋನಿಯೊದಲ್ಲಿ ಪದವಿ ಪಡೆದರೆ, ನೋಡಲು ಅಜ್ಜಿ ಐ-94 ಎಂಬ ಪರವಾನಗಿಯನ್ನೂ ಪಡೆದಿರಬೇಕು. ಮರೆತರೆ 35ನೇ ಹೆದ್ದಾರಿಯ 29ನೇ ಮೈಲಿಯ ಗಡಿ ಪೊಲೀಸರ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ.

ಹಿರಿಯರಿಗೆ ದುಭಾಷಿ ಕೆಲಸವೂ ಇಂಥ ಮಕ್ಕಳದೇ. ಔಷಧದ ಚೀಟಿಯ ಮೇಲೆ ಇಂಗ್ಲಿಷಿನ ‘ಒನ್ಸ್’ (once), ಅಂದರೆ ದಿನಕ್ಕೊಮ್ಮೆ. ಅವೇ ನಾಲ್ಕು ಅಕ್ಷರ ಸ್ಪ್ಯಾನಿಶ್‌ನಲ್ಲಿ ‘ಒನ್ಸೆ’, ಹನ್ನೊಂದು! ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ತುರ್ತು ಹೊರತು ಮಕ್ಕಳಿಂದ ಅನುವಾದ ಮಾಡಿಸುವಂತಿಲ್ಲ, ದುಭಾಷಿಯನ್ನು ಪುಕ್ಕಟೆ ಒದಗಿಸಬೇಕು. ಕೇಳಿ ಪಡೆಯಬೇಕು, ಅಷ್ಟೆ.

ಏನೆಂದು ಕರೆಯಬೇಕು? ಟೆಕ್ಸಾಸ್‌ನ ಹಳೆಯ ಮನೆತನದವರು ‘ಟೆಹಾನೊ’ ಎಂದುಕೊಳ್ಳುವುದುಂಟು. ‘ಚಿಕಾನೊ’ ಪದಕ್ಕೆ 1960ರ ದಶಕದ ಹೋರಾಟದ ಬಿಸಿಯಿದೆ, ಕೆಲವು ಹಿರಿಯರಿಗೆ ಹಿಡಿಸದು. ‘ಪೋಚೊ’ ಮಾತ್ರ ಬೇಡ. ಅದು ಸ್ಪ್ಯಾನಿಶ್ ಮರೆತವರನ್ನು ಹಂಗಿಸುವ ಮಾತು. ಅಂದಹಾಗೆ, 29ನೇ ಮೈಲಿಯ ತಪಾಸಣೆ ನಿಮಗೂ ಇದೆ. ಮುಂದಿನ ಸಲ ಸಾನ್ ಆಂಟೋನಿಯೊಗೆ ಹೊರಟಾಗ ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳಕ್ಕೆ ಹಾಕಬೇಡಿ.

– ಸಂಪಾದಕ