ಟಿವಿಗೆ ಮೊದಲು ಮಣ್ಣು

ಟಿವಿಯಲ್ಲಿ ಬರುವ ಗಾರ್ಡನ್ ಡಿಸೈನರ್ ಆಗಲು ಡಿಸೈನ್ ಡಿಗ್ರಿ ಮಾಡಲೇಬೇಕಾ ಅಂತ ಕೇಳಿದ್ದೀರಿ. ಬ್ರಿಟನ್ನಿನ ಗಾರ್ಡನ್ ಡಿಸೈನರ್ ಆಡಂ ಫ್ರಾಸ್ಟ್ ಅವರನ್ನು ನೋಡಿ. ಹದಿಹರೆಯದಲ್ಲೇ ನಾರ್ತ್ ಡೆವನ್‌ನ ಪಾರ್ಕ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದವರು. ಆಮೇಲೆ ಬಾರ್ನ್ಸ್‌ಡೇಲ್ ತೋಟದಲ್ಲಿ ಜೆಫ್ ಹ್ಯಾಮಿಲ್ಟನ್ ಕೈಕೆಳಗೆ ಪಳಗಿದರು. ಹ್ಯಾಮಿಲ್ಟನ್ ಆಗ ಬಿಬಿಸಿಯ ತೋಟಗಾರಿಕೆ ಕಾರ್ಯಕ್ರಮ 'ಗಾರ್ಡನರ್ಸ್ ವರ್ಲ್ಡ್' ನಡೆಸಿಕೊಡುತ್ತಿದ್ದರು. ಗುರುವೇ ಟಿವಿಯವರು, ಅದೃಷ್ಟ ಅಲ್ವಾ! ಆದರೂ ಶಿಷ್ಯ ಸೀದಾ ಕ್ಯಾಮೆರಾ ಮುಂದೆ ಬಂದು ನಿಲ್ಲಲಿಲ್ಲ. ಸ್ವಂತ ಕೆಲಸ ಶುರು ಮಾಡಿ, ಜನರಿಗೆ ತೋಟ ಮಾಡಿಕೊಟ್ಟು, ಲಂಡನ್ನಿನ ಹೆಸರಾಂತ ಚೆಲ್ಸೀ ಹೂವಿನ ಪ್ರದರ್ಶನದಲ್ಲಿ 7 ಚಿನ್ನದ ಪದಕ ಗೆದ್ದರು. ಗುರುವಿನ ಅದೇ 'ಗಾರ್ಡನರ್ಸ್ ವರ್ಲ್ಡ್' ಕಾರ್ಯಕ್ರಮಕ್ಕೆ ನಿರೂಪಕರಾಗಿ ಸೇರಿದ್ದು 2016ರಲ್ಲಿ. ಡಿಗ್ರಿ ದಂಡ ಅಂತ ನಾನು ಹೇಳುತ್ತಿಲ್ಲ. ಆದರೆ ಈಗಲೇ ಸುಮ್ನೆ ವಿಡಿಯೊ ಮಾಡುತ್ತಾ ಕೂರುವ ಬದಲು, ಒಳ್ಳೆಯ ಡಿಸೈನರ್ ಒಬ್ಬರ ಹತ್ತಿರ ಎರಡು ಮಳೆಗಾಲ ಗುದ್ದಲಿ ಹಿಡಿಯಿರಿ.