ಆಪ್ತಸಲಹೆ ಪ್ರಕರಣ: ‘ಇದು ಎಷ್ಟನೇ ಮೂವ್ ಮೇಡಂ?’

ಶನಿವಾರ, ಭಾನುವಾರ ಮಾತ್ರ ಬರುವ ಹೊಟ್ಟೆನೋವು. ಸೋಮವಾರ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದರೂ ಸುಮ್ಮನಿರುವ ಹೊಟ್ಟೆ, ಚೆಸ್ ಕ್ಲಾಸಿಗೆ ಇನ್ನು ಅರ್ಧ ಗಂಟೆ ಅನ್ನುವಾಗ ಹಿಡಿದುಕೊಳ್ಳುತ್ತದೆ. 2024ರ ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಮೇಲೆ ದಾವಣಗೆರೆಯಲ್ಲೂ ಮಕ್ಕಳ ಕೈಗೆ ಬೋರ್ಡು ಬಂತು. ಅದು ಒಳ್ಳೆಯದೇ. ಆದರೆ ಬೋರ್ಡಿನ ಜೊತೆಗೇ ದಪ್ಪ ಪುಸ್ತಕವೂ ಬರುತ್ತದೆ, ಅದರ ಹಿಂದೆ ಈ ಹೊಟ್ಟೆನೋವು. ಇಂಥ ಪ್ರಕರಣ ನನ್ನ ಬಳಿ ಬಂದದ್ದು ಇದು ಮೂರನೆಯದು. ಹಾಗಾಗಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಅಪ್ಪನಿಗೆ ಊರಲ್ಲೇ ವ್ಯಾಪಾರ. ಅಜ್ಜ ಜಗಳೂರು ಕಡೆಯವರು, ಈಗ ಮಗನ ಮನೆಯಲ್ಲೇ ಇದ್ದಾರೆ. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ ಹೊಟ್ಟೆಯಲ್ಲಿ ಏನೂ ಇಲ್ಲ ಅಂದಿದ್ದರು. ಶಾಲೆ, ನಿದ್ದೆ, ಕ್ಲಾಸಿನಲ್ಲಿ ಯಾರಾದರೂ ಗದರಿಸುತ್ತಾರಾ, ಕಾಡಿಸುತ್ತಾರಾ ಎಂದು ವಿಚಾರಿಸುವುದರಲ್ಲೇ ಎರಡು ಭೇಟಿ ಕಳೆದವು. ಎರಡನೆಯ ಭೇಟಿ ಮುಗಿಯುವಾಗ ಅಪ್ಪ ಎದ್ದು ನಿಂತು ಹೇಳಿದ್ದು: “ಮನೇಲಿ ಕೇಳಿದ್ರೆ ಎಂಟು ಮೂವ್‌ವರೆಗೂ ತಪ್ಪಿಲ್ದಂಗೆ ಒಪ್ಪಿಸ್ತಾನೆ ಮೇಡಂ. ಅಲ್ಲಿ ಹೋಗಿ ಕುಂತ್ರೆ ಮೂರನೇ ಮೂವಿಗೇ ಕಣ್ಣಲ್ಲಿ ನೀರು.”

ಒಪ್ಪಿಸುವುದು ಮಗ್ಗಿಗೆ, ಪದ್ಯಕ್ಕೆ ಆಡುವ ಮಾತು. ಮುಂದಿನ ಸಲ ಬರುವಾಗ ಆ ಪುಸ್ತಕವನ್ನೂ ಬೋರ್ಡನ್ನೂ ತನ್ನಿ ಅಂದೆ.

ಮೂರನೆಯ ಭೇಟಿಗೆ ಅಪ್ಪನಿಗೆ ಅಂಗಡಿ ಬಿಡಲು ಆಗಲಿಲ್ಲ, ಹುಡುಗನನ್ನು ಕರೆತಂದದ್ದು ಅಜ್ಜ. ಪುಸ್ತಕ ನಾಲ್ಕು ನೂರು ಪುಟ ದಾಟಿದ ಓಪನಿಂಗ್‌ಗಳ, ಅಂದರೆ ಆಟದ ಶುರುವಿನ ನಡೆಗಳ ಕೈಪಿಡಿ. ಇಂಗ್ಲಿಷು, ಸಣ್ಣ ಅಕ್ಷರ, ಪುಟಕ್ಕೆ ಎರಡು ಅಂಕಣ, ಎರಡು ಪುಟಕ್ಕೊಂದು ಚಿತ್ರ. ಕೆಟ್ಟ ಪುಸ್ತಕ ಅಲ್ಲ. ಎರಡು-ಮೂರು ವರ್ಷ ಟೂರ್ನಿ ಆಡಿದವರಿಗೆ ಉಪಯೋಗಕ್ಕೆ ಬರುವಂಥದ್ದು. ಹುಡುಗ ಅದರಲ್ಲಿ ಕಲಿತದ್ದು ಇಟಾಲಿಯನ್ ಆಟ: ಎರಡೂ ಕಡೆಯ ರಾಜನ ಮುಂದಿನ ಸಿಪಾಯಿ ಎರಡು ಮನೆ ಮುಂದಕ್ಕೆ, ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ಕುದುರೆ ಸಿ6ಕ್ಕೆ, ಆಮೇಲೆ ಬಿಳಿ ಒಂಟೆ ಸಿ4ಕ್ಕೆ. (ಬೋರ್ಡಿನ ಉದ್ದ ಸಾಲುಗಳಿಗೆ ಎ ಇಂದ ಎಚ್, ಅಡ್ಡ ಸಾಲುಗಳಿಗೆ 1ರಿಂದ 8. ಎರಡೂ ಸೇರಿದರೆ ಒಂದು ಮನೆಯ ಹೆಸರು.) ಗಡಗಡ ಆಡಿ ತೋರಿಸಿದ. ಕಪ್ಪು ಕುದುರೆಯನ್ನು ನಾನು ವಾಪಸ್ ಇಟ್ಟು, ಅದರ ಬದಲು ಡಿ6ಕ್ಕೆ ಸಿಪಾಯಿ ತಳ್ಳಿದೆ. ಕಪ್ಪಿಗೆ ಅದೂ ಸರಿಯಾದ ನಡೆಯೇ. ಹುಡುಗನ ಕೈ ಒಂಟೆಯ ಮೇಲೆ ಹೋಗಿ ನಿಂತಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ಮುಖ ಕೆಂಪಾಯಿತು. ಕ್ಲಾಸಿನಲ್ಲಿ ಆಗುತ್ತಿದ್ದದ್ದು ಇದೇ.

ಕಾಯಿಗಳನ್ನೆಲ್ಲ ಎತ್ತಿಟ್ಟು ಬೇರೆ ಒಂದು ಚಿತ್ರ ಜೋಡಿಸಿದೆ. ಕಪ್ಪು ರಾಜ ಜಿ8ರಲ್ಲಿ, ಅವನ ಮುಂದೆ ಎಫ್7, ಜಿ7, ಎಚ್7ರಲ್ಲಿ ಮೂರು ಕಪ್ಪು ಸಿಪಾಯಿ. ಬಿಳಿ ರಾಜ ಜಿ1ರಲ್ಲಿ, ಬಿಳಿ ಆನೆ ಇ1ರಲ್ಲಿ. ಒಟ್ಟು ಆರೇ ಕಾಯಿ. “ನಿನ್ನದು ಬಿಳಿ. ಒಂದೇ ನಡೆಗೆ ಗೆಲ್ಲಬಹುದು, ನೋಡು.”

ಎಂಟು ನಡೆ ತಪ್ಪದೆ ಆಡುವ ಹುಡುಗ ನಾಲ್ಕು ನಿಮಿಷ ನೋಡಿದ. ಆಮೇಲೆ ಕೇಳಿದ: “ಇದು ಎಷ್ಟನೇ ಮೂವ್ ಮೇಡಂ?”

ಆ ಪ್ರಶ್ನೆಯಲ್ಲೇ ಎಲ್ಲ ಇತ್ತು. ಅವನ ತಲೆಯಲ್ಲಿ ಪ್ರತಿ ನಡೆಗೂ ಒಂದು ನಂಬರು, ನಂಬರಿಗೊಂದು ಉತ್ತರ. ನಂಬರು ಗೊತ್ತಾದರೆ ಉತ್ತರ ಹುಡುಕಬಹುದು. ನಂಬರು ಇಲ್ಲದ ಬೋರ್ಡು ಅಂದರೆ ಸಿಲಬಸ್ ಹೊರಗಿನ ಪರೀಕ್ಷೆ. ಮುಂದಿರುವ ಕಾಯಿಗಳನ್ನು ನೋಡಬೇಕು ಅನ್ನುವುದು ಅವನಿಗೆ ಯಾರೂ ಹೇಳಿಕೊಡದ ವಿಷಯ.

ಉತ್ತರ ಬಂದದ್ದು ಗೋಡೆ ಪಕ್ಕದ ಕುರ್ಚಿಯಿಂದ. “ಅವನ ಮುಂದ್ಗಡೆ ಅವನವೇ ಮೂರು ಸಿಪಾಯಿ ಬಾಗ್ಲ ಹಾಕ್ಕಂಡು ನಿಂತಾವೆ ಮೇಡಮ್ಮೋರೆ. ಆನೆ ಆ ತುದಿಗೆ ಹೋಗಿ ನಿಂತ್ರೆ ಎಲ್ಲಿಗೋಗ್ತಾನೆ?” ಅಜ್ಜ ಹೇಳಿದ್ದು ಸರಿ. ಆನೆ ಇ8ಕ್ಕೆ ಹೋದರೆ ಚೆಕ್‌ಮೇಟ್. ಹುಡುಗ ಒಪ್ಪಲಿಲ್ಲ, “ಎಚ್8ಕ್ಕೆ ಓಡ್ತಾನಲ್ಲಜ್ಜ” ಅಂದ. ಶುರುವಿನ ಮಕ್ಕಳು ಇಲ್ಲಿ ಎಡವುವುದು ಸಾಮಾನ್ಯ. ರಾಜ ತಾನೇ ಅಡ್ಡ ನಿಂತಿರುವುದರಿಂದ ಆನೆಯ ಹೊಡೆತ ಎಚ್8ರವರೆಗೆ ತಲುಪುವುದಿಲ್ಲ ಅಂದುಕೊಳ್ಳುತ್ತಾರೆ. ರಾಜ ಜಿ8 ಬಿಟ್ಟ ಕ್ಷಣ ದಾರಿ ಖಾಲಿಯಾಗುತ್ತದೆ. ಅಜ್ಜ ಎದ್ದು ಬಂದು ರಾಜನನ್ನು ಎಚ್8ಕ್ಕೆ ಇಟ್ಟು, ಆನೆಯಿಂದ ಅಲ್ಲಿಯವರೆಗೆ ಬೆರಳು ಎಳೆದು ತೋರಿಸಿದರು. ಹುಡುಗ ಒಂದು ಗಳಿಗೆ ಸುಮ್ಮನಿದ್ದ. ಕಾಯಿಗಳನ್ನು ವಾಪಸ್ ಜೋಡಿಸಿ, ಎಚ್7ರ ಸಿಪಾಯಿಯನ್ನು ಎಚ್6ಕ್ಕೆ ತಳ್ಳಿದ. “ಇಲ್ಲೊಂದು ಕಿಟಕಿ ಬಿಟ್ರೆ?”

ರಾಜನಿಗೆ ಎಚ್7ರ ಮನೆ ತೆರೆಯಿತು, ಮೇಟ್ ಇಲ್ಲ. ಆಟಗಾರರು ನಿಜಕ್ಕೂ ಮಾಡುವುದು ಅದನ್ನೇ. ಹೊಟ್ಟೆನೋವಿನ ಮಾತು ಅವತ್ತು ಎತ್ತಲೇ ಇಲ್ಲ.

ಆಪ್ತಸಲಹೆಗಾರರು ಪುಸ್ತಕ ಆರಿಸಿಕೊಡುವುದು ಯಾವಾಗಿಂದ ಶುರುವಾಯಿತು ಎಂದು ಕೇಳುವವರಿದ್ದಾರೆ. ಮಗುವಿನ ಭಯಕ್ಕೆ ಹೆಸರಿಟ್ಟು, ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು. ಆಗ ಅವನು ನಿಧಾನವಾಗಿ ಉಸಿರಾಡುತ್ತಾ ಅದೇ ಮೂರನೇ ನಡೆಗೆ ಸಿಕ್ಕಿಬೀಳುತ್ತಿದ್ದ. ಮಾಡಬೇಕಾದ ಕೆಲಸ ಮಗುವಿನ ಕೈಗೆ ಎಟುಕದಷ್ಟು ಮೇಲಿದ್ದರೆ, ಮಗುವಿನ ಮನಸ್ಸನ್ನು ರಿಪೇರಿ ಮಾಡಲು ಹೋಗುವುದು ಅನ್ಯಾಯ. ಮೊದಲು ಕೆಲಸವನ್ನು ಕೆಳಗಿಳಿಸಬೇಕು. ಭಯ ಆಮೇಲೂ ಉಳಿದರೆ ಆಗ ಅದರ ವಿಚಾರ. ಕ್ಲಾಸು ಬಿಡಿಸಿ ಎಂದೂ ಹೇಳಲಿಲ್ಲ. ಈ ಹಂತದಲ್ಲಿ ಬಿಡಿಸಿದರೆ ತನಗೆ ಬುದ್ಧಿ ಸಾಲದು ಎಂದು ಹುಡುಗ ತೀರ್ಮಾನ ಮಾಡಿಕೊಳ್ಳುತ್ತಾನೆ.

ನಾಲ್ಕನೆಯ ಭೇಟಿಗೆ ಅಪ್ಪನನ್ನೂ ಅಜ್ಜನನ್ನೂ ಒಟ್ಟಿಗೆ ಕೂರಿಸಿದೆ. ಒಪ್ಪಿಸುವುದನ್ನು ಅವತ್ತಿನಿಂದಲೇ ನಿಲ್ಲಿಸಿ, ಎರಡು ತಿಂಗಳು ಟೂರ್ನಿ ಬೇಡ, ದಪ್ಪ ಪುಸ್ತಕ ಬೀರುವಿಗೆ ಹೋಗಲಿ ಅಂದೆ. ಅಪ್ಪನಿಗೆ ಸರಿಬರಲಿಲ್ಲ. “ಸಣ್ಣ ಹುಡುಗರ ಪುಸ್ತಕ ಹಿಡಿದ್ರೆ ಹಿಂದೆ ಬೀಳಲ್ವಾ ಮೇಡಂ?” ಕಾಗುಣಿತ ಬರದವನಿಗೆ ಛಂದಸ್ಸು ಕಲಿಸಿದ ಹಾಗಾಗಿದೆ, ಹಿಂದೆ ಬೀಳುವುದಕ್ಕೆ ಅವನಿನ್ನೂ ಮುಂದೆ ಹೋಗಿಲ್ಲ ಅಂದೆ. ಸ್ವಲ್ಪ ಖಾರವಾಯಿತೇನೋ.

ಇನ್ನೊಂದು ತೊಡಕೂ ಇತ್ತು. ಹುಡುಗ ಮೊದಲು ಆಟ ಕಲಿತದ್ದು ಅಜ್ಜನ ಹತ್ತಿರ, ಆದರೆ ಅಜ್ಜನ ಆಟ ಹಳೆಯ ಕ್ರಮದ್ದು. ಅದರಲ್ಲಿ ಸಿಪಾಯಿ ಮೊದಲ ಸಲವೂ ಒಂದೇ ಮನೆ ನಡೆಯುತ್ತಾನೆ. ರಾಜ ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು, ರಾಜನೂ ಆನೆಯೂ ಒಂದೇ ನಡೆಯಲ್ಲಿ ಸರಿಯುವ ಈಗಿನ ಕ್ಯಾಸ್ಲಿಂಗ್ ಇಲ್ಲ. ಸಿಪಾಯಿ ಆ ತುದಿ ಮುಟ್ಟಿದಾಗ ಯಾವ ಕಾಯಿಯ ಸಾಲಿನಲ್ಲಿ ಮುಟ್ಟಿದನೋ ಆ ಕಾಯಿ ಆಗುತ್ತಾನೆ. ಕ್ಲಾಸಿಗೆ ಸೇರಿಸಿದ ದಿನದಿಂದ ತಪ್ಪು ಕಲಿಸ್ತೀರಿ ಎಂದು ಅಜ್ಜನ ಆಟವನ್ನು ಅಪ್ಪ ನಿಲ್ಲಿಸಿದ್ದರು. ಹುಡುಗ ಖುಷಿಯಿಂದ ಆಡುತ್ತಿದ್ದದ್ದು ಅದೊಂದೇ ಆಟ. ಅಪ್ಪನಿಗೆ ಮೀರ್ ಸುಲ್ತಾನ್ ಖಾನರ ಉದಾಹರಣೆ ಕೊಟ್ಟೆ. ಅವಿಭಜಿತ ಪಂಜಾಬಿನ ಆ ಆಟಗಾರ ಮೊದಲು ಕಲಿತದ್ದು ಭಾರತದ ಹಳೆಯ ಕ್ರಮವನ್ನೇ. ಆಮೇಲೆ ಅಂತರರಾಷ್ಟ್ರೀಯ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ವ್ಯತ್ಯಾಸಗಳನ್ನು ಒಂದು ಹಾಳೆಯಲ್ಲಿ ಬರೆದು ಬೋರ್ಡಿನ ಪೆಟ್ಟಿಗೆಯೊಳಗೆ ಇಡಿ ಅಂದೆ. ಬರೆಯುವ ಕೆಲಸ ಹುಡುಗನಿಗೆ, ಓದಿ ಒಪ್ಪುವ ಕೆಲಸ ಅಜ್ಜನಿಗೆ.

ಇನ್ನು ಪುಸ್ತಕ. ಅಪ್ಪ ಕೇಳಿದ್ದು ‘ಮಕ್ಕಳಿಗೆ ಬೆಸ್ಟ್ ಪುಸ್ತಕ ಯಾವುದು’ ಎಂದು. ಮಗುವಿನ ಎದುರು ದಿನಾ ಯಾರು ಕೂರುತ್ತಾರೆ ಎಂದು ತಿರುಗಿ ಕೇಳಿದೆ. ಎಂಟು ವರ್ಷದ ಮಗು ಚೆಸ್ ಪುಸ್ತಕವನ್ನು ಒಂಟಿಯಾಗಿ ಓದುವುದಿಲ್ಲ. ದೊಡ್ಡವರೊಬ್ಬರು ಚಿತ್ರ ನೋಡಿ ಕಾಯಿ ಜೋಡಿಸಬೇಕು, ಉತ್ತರ ತಾಳೆ ನೋಡಬೇಕು. ಈ ಮನೆಯಲ್ಲಿ ಆ ಕೆಲಸಕ್ಕೆ ಬಿಡುವಿರುವುದು ಅಜ್ಜನಿಗೆ, ಅಜ್ಜನಿಗೆ ಇಂಗ್ಲಿಷ್ ಬರುವುದಿಲ್ಲ. ಹಾಗಾದರೆ ಪುಸ್ತಕ ಅಜ್ಜನಿಗೆ ಅರ್ಥವಾಗುವಂಥದ್ದಾಗಿರಬೇಕು. ದೊಡ್ಡ ಚಿತ್ರ, ಕಡಿಮೆ ಮಾತು.

ಹೆಚ್ಚಿನವರು ಹೆಸರು ಹೇಳುವುದು ಅಮೆರಿಕದ ಆಟಗಾರ ಬಾಬಿ ಫಿಷರ್ ಹೆಸರಿನ 1966ರ ಪುಸ್ತಕವನ್ನು. ಒಂದು ಪುಟದಲ್ಲಿ ಪ್ರಶ್ನೆ, ಪುಟ ತಿರುವಿದರೆ ಉತ್ತರ. ಕೊನೆ ಮುಟ್ಟಿದ ಮೇಲೆ ಪುಸ್ತಕವನ್ನು ತಲೆಕೆಳಗು ಮಾಡಿ ವಾಪಸ್ ಓದುತ್ತಾ ಬರಬೇಕು. ಮಕ್ಕಳಿಗೆ ಅದೇ ಒಂದು ಆಟ. ನಾನು ಜೋಡಿಸಿದ ಆ ಹಿಂದಿನ ಸಾಲಿನ ಮೇಟ್‌ಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಕಡಿಮೆ. ಆದರೆ ಇಂಗ್ಲಿಷ್ ಓದಿ ಹೇಳುವವರು ಪಕ್ಕದಲ್ಲಿರಬೇಕು. ಮೇಟ್ ಬಿಟ್ಟು ಉಳಿದ ಆಟ ಅದರಲ್ಲಿ ಕಮ್ಮಿ. ನೆದರ್ಲೆಂಡ್ಸ್‌ನಲ್ಲಿ ಬ್ರೂನಿಯಾ ಮತ್ತು ಫಾನ್ ವೈಗರ್ಡನ್ 1987ರಲ್ಲಿ ಶುರುಮಾಡಿದ ‘ಸ್ಟೆಪ್ಸ್’ ಕ್ರಮದಲ್ಲಿ ಮಗುವಿಗೆ ಅಭ್ಯಾಸ ಪುಸ್ತಕ ಬೇರೆ, ಕಲಿಸುವವರಿಗೆ ಕೈಪಿಡಿ ಬೇರೆ. ಪಾಠದ ಕ್ರಮ ನನಗೆ ಬಹಳ ಒಪ್ಪಿಗೆ. ಕೈಪಿಡಿ ಬಿಟ್ಟು ಅಭ್ಯಾಸ ಪುಸ್ತಕ ಒಂದನ್ನೇ ತಂದರೆ ಮಾತ್ರ ಅರ್ಧ ಕೆಲಸ. ಕೋಚ್ ಅದನ್ನು ಬಳಸುತ್ತಿದ್ದರೆ ತರಬಹುದು.

ಈ ಮನೆಗೆ ಹೇಳಿದ್ದು ಹಂಗೇರಿಯ ಚೆಸ್ ಶಿಕ್ಷಕ ಲಾಸ್ಲೊ ಪೋಲ್ಗಾರ್ ಅವರ 5334 ಸಮಸ್ಯೆ, ಆಟಗಳ ಸಾವಿರ ಪುಟದ ಪುಸ್ತಕ. ದಪ್ಪ ಪುಸ್ತಕ ಬಿಡಿಸಿ ಅದಕ್ಕಿಂತ ದಪ್ಪದ್ದು ತರಿಸಿದಿರಾ ಎಂದು ಅಜ್ಜ ನಕ್ಕರು. ಅದರಲ್ಲಿ ಬೇಕಾದದ್ದು ಮೊದಲ 306 ಸಮಸ್ಯೆ ಮಾತ್ರ, ಎಲ್ಲವೂ ಒಂದೇ ನಡೆಯ ಮೇಟ್. ಸಮಸ್ಯೆಗಳ ಪುಟಗಳಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಮುಂದೆ ಬರುವ ಎರಡು ನಡೆಯ 3412 ಸಮಸ್ಯೆಗಳು ಈ ಹುಡುಗನಿಗೆ ಈಗ ಬೇಡ. ಅಪ್ಪ ಅವಸರಕ್ಕೆ ಅಲ್ಲಿಗೆ ಹಾರದಂತೆ ಉಳಿದ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿಸಿದೆ. ಉತ್ತರದ ಪುಟ ಮಾತ್ರ ಹೊರಗೆ, ಅದು ಅಜ್ಜನ ವಶ.

ದಿನಕ್ಕೆ ಆರು ಸಮಸ್ಯೆ, 20 ನಿಮಿಷ. ಲೆಕ್ಕಕ್ಕೆ 51 ದಿನ. ಪುಸ್ತಕದ ಮೇಲೆ ಬೆರಳಿಟ್ಟು ಉತ್ತರ ಹೇಳುವಂತಿಲ್ಲ, ಪ್ರತಿ ಚಿತ್ರವನ್ನೂ ಬೋರ್ಡಿನ ಮೇಲೆ ಹುಡುಗನೇ ಜೋಡಿಸಬೇಕು. ಕಾಯಿಯನ್ನು ಮನೆ ಮನೆ ನೋಡಿ ಇಡುವಾಗಲೇ ಅರ್ಧ ಉತ್ತರ ಕಣ್ಣಿಗೆ ಬೀಳುತ್ತದೆ. ಚೆಕ್ ಕೊಟ್ಟ ಮೇಲೆ ಅಜ್ಜ ಮೂರು ಪ್ರಶ್ನೆ ಕೇಳಬೇಕು: ರಾಜ ಓಡಬಹುದಾ? ಚೆಕ್ ಕೊಟ್ಟ ಕಾಯಿಯನ್ನು ಹೊಡೆಯಬಹುದಾ? ಮಧ್ಯ ಯಾರಾದರೂ ಅಡ್ಡ ಬರಬಹುದಾ? ಮೂರಕ್ಕೂ ಇಲ್ಲ ಅಂದರೆ ಮೇಟ್. ಕುದುರೆಯ ಚೆಕ್‌ಗೆ ಮೂರನೇ ಪ್ರಶ್ನೆ ಬೇಕಿಲ್ಲ, ಅದಕ್ಕೆ ಅಡ್ಡ ಬರಲು ಆಗುವುದಿಲ್ಲ. ತಪ್ಪಾದರೆ ಅಜ್ಜ ಉತ್ತರ ಹೇಳದೆ, ಕಪ್ಪು ರಾಜನನ್ನು ತಪ್ಪಿಸಿಕೊಂಡು ಹೋಗಲು ಬಿಡಬೇಕು. ಆಮೇಲೆ ದಿನಾ ಒಂದು ಪೂರ್ತಿ ಆಟ. ಶನಿವಾರ ಹಳೆಯ ಕ್ರಮ, ಉಳಿದ ದಿನ ಹೊಸದು.

ಪೋಲ್ಗಾರ್ ಸಿಗದಿದ್ದರೆ ಒಂದೇ ನಡೆಯ ಮೇಟ್‌ಗಳ ಯಾವುದೇ ತೆಳು ಪುಸ್ತಕ ಆಗುತ್ತದೆ. ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು. ಆಟದ ಶುರುವಿಗೆ ಕಾಯಿ ಜೋಡಿಸಿದ ಚಿತ್ರದಲ್ಲಿ ಬಿಳಿಯವನ ಬಲಗೈ ಮೂಲೆಯ ಮನೆ ಬಿಳಿ ಇದೆಯಾ, ಬಿಳಿ ಮಂತ್ರಿ ಬಿಳಿ ಮನೆಯಲ್ಲಿ ನಿಂತಿದ್ದಾನಾ ನೋಡಿ. ಇಲ್ಲದಿದ್ದರೆ ಅಲ್ಲೇ ಬಿಡಿ. ಚಿತ್ರದ ಅಂಚಿನಲ್ಲಿ ಎ ಇಂದ ಎಚ್, 1ರಿಂದ 8 ಅಚ್ಚಾಗಿರಬೇಕು. ನಡೆಗಳನ್ನು ‘ಪಿ-ಕೆ4’ ಎಂಬಂತೆ ಬರೆದಿದ್ದರೆ ಅದು ಹಳೆಯ ಪದ್ಧತಿ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ 1981ರಿಂದ ಮಾನ್ಯ ಮಾಡುವುದು ‘ಇ4’ ಎಂಬಂತೆ ಮನೆಯ ಹೆಸರು ಬರೆಯುವ ಬೀಜಗಣಿತ ಪದ್ಧತಿಯನ್ನು ಮಾತ್ರ, ಕ್ಲಾಸಿನಲ್ಲೂ ಅದೇ. ಸೆಕೆಂಡ್ ಹ್ಯಾಂಡ್ ಪುಸ್ತಕದಲ್ಲಿ ಈ ಮೋಸ ಹೆಚ್ಚು. ಉತ್ತರದ ಅಕ್ಷರಗಳಿಗೆ ಒಂದು ಚೀಟಿ ಬೇಕು: ಕೆ ಅಂದರೆ ರಾಜ, ಕ್ಯೂ ಮಂತ್ರಿ, ಆರ್ ಆನೆ, ದೊಡ್ಡ ಬಿ ಒಂಟೆ, ಎನ್ ಕುದುರೆ. ಸಣ್ಣ ಬಿ ಮಾತ್ರ ಸಾಲಿನ ಹೆಸರು, ಒಂಟೆಯದಲ್ಲ. ಆ ಚೀಟಿಯನ್ನೂ ಹುಡುಗನೇ ಬರೆದುಕೊಟ್ಟ.

ಎರಡು ತಿಂಗಳ ಮೇಲೆ ಅಪ್ಪ ಫೋನ್ ಮಾಡಿದರು. ಕ್ಲಾಸಿಗೆ ಹೋಗುತ್ತಿದ್ದಾನೆ, ಸೋಲುತ್ತಾನೆ, ಸೋತ ಆಟವನ್ನು ಮನೆಗೆ ಬಂದು ಅಜ್ಜನಿಗೆ ಜೋಡಿಸಿ ತೋರಿಸುತ್ತಾನೆ. ಹೊಟ್ಟೆನೋವು ನಡುವೆ ಒಂದು ಸಲ ಬಂದಿತ್ತು. ಓಪನಿಂಗ್ ಪುಸ್ತಕ ಯಾವಾಗ ತೆಗೆಯಲಿ ಎಂದು ಕೇಳಿದರು. ‘ಮೊದಲ ಹತ್ತು ನಡೆಯಲ್ಲೇ ಯಾಕೆ ಸೋತೆ’ ಎಂದು ಅವನೇ ಬಂದು ಕೇಳಿದಾಗ ತೆಗೆಯಿರಿ ಅಂದೆ. ಆಮೇಲೆ ಐದು ವರ್ಷದ ತಂಗಿಗೆ ಯಾವ ಪುಸ್ತಕ ಎಂಬ ಪ್ರಶ್ನೆ. ಅವಳಿಗೆ ಪುಸ್ತಕ ಬೇಡ. ಎರಡೂ ಕಡೆ ಎಂಟೆಂಟು ಸಿಪಾಯಿ ಮಾತ್ರ ಇಟ್ಟು, ಮೊದಲು ಆ ತುದಿ ಮುಟ್ಟಿದವರು ಗೆದ್ದಂತೆ ಎಂದು ಅಣ್ಣನ ಜೊತೆ ಆಡಿಸಿ ಅಂದೆ. ಸಿಪಾಯಿ ನೇರ ನಡೆದು ಓರೆಗೆ ಹೊಡೆಯುತ್ತಾನೆ ಅನ್ನುವುದು ಕೈಗೆ ಹತ್ತಿದ ಮೇಲೆ ಇಬ್ಬರಿಗೂ ಒಂದೊಂದು ರಾಜನನ್ನು ಸೇರಿಸಬಹುದು.