₹4,000ದೊಳಗೆ ಕನ್ನಡ ಟೈಪಿಂಗಿಗೂ ಆಗುವ ಮೆಕ್ಯಾನಿಕಲ್ ಕೀಬೋರ್ಡ್ ಯಾವುದು?

ಗೋಣಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಕುಳಿತು ಬೆಂಗಳೂರಿನ ಕಚೇರಿಯ ಕೆಲಸ ಮಾಡುತ್ತೀರಿ. ಕೈಯಲ್ಲಿರುವುದು ನಾಲ್ಕು ಸಾವಿರ ರೂಪಾಯಿ. ರಾತ್ರಿ ಟೈಪ್ ಮಾಡುವಾಗ ಪಕ್ಕದ ಕೋಣೆಯ ಮಗು ಏಳಬಾರದು, ಆಗಾಗ ನುಡಿ ತಂತ್ರಾಂಶದಲ್ಲಿ ಕನ್ನಡವನ್ನೂ ಟೈಪ್ ಮಾಡಬೇಕು. ಇಷ್ಟು ಹೇಳಿ, ಮೆಕ್ಯಾನಿಕಲ್ ಕೀಬೋರ್ಡಿನ ಪ್ರತಿ ಕೀಲಿಯ ಕೆಳಗೂ ಒಂದೊಂದಾಗಿ ಇರುವ ಕೆಂಪು, ಕಂದು, ನೀಲಿ ಸ್ವಿಚ್ಚುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಬಣ್ಣದ ಮಾತಿಗೆ ಆಮೇಲೆ ಬರುತ್ತೇನೆ. ನಮ್ಮ ಕೊಡಗು ಜಿಲ್ಲೆಯಲ್ಲಿರುವವರು ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ: ಒಂದು ಕೀಲಿ ಕೆಟ್ಟರೆ ಅದನ್ನು ಮನೆಯಲ್ಲೇ ಬದಲಿಸಲು ಬರುತ್ತದೆಯೇ?

ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಸೋಮವಾರಪೇಟೆಯಲ್ಲಿ ನನ್ನದೊಂದು ಚಿಕ್ಕ ಡಿ.ಟಿ.ಪಿ. ಅಂಗಡಿ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ, ಸಂಘದ ವಾರ್ಷಿಕ ವರದಿ, ಹೀಗೆ ದಿನವಿಡೀ ಕನ್ನಡವೇ. ಮೊದಲು ಕೊಂಡ ಮೆಕ್ಯಾನಿಕಲ್ ಕೀಬೋರ್ಡು ನೀಲಿ ಸ್ವಿಚ್ಚಿನದು, ಸ್ವಿಚ್ಚುಗಳನ್ನು ಬೋರ್ಡಿಗೆ ಬೆಸುಗೆ ಹಾಕಿದ್ದರು. ಒಂದು ಮಳೆಗಾಲ ತೊಂದರೆಯಿಲ್ಲದೆ ಕಳೆಯಿತು. ಎರಡನೆಯ ವರ್ಷದ ಕಕ್ಕಡ ತಿಂಗಳ ಮಳೆಯಲ್ಲಿ ಎಫ್ ಕೀಲಿ ಒಮ್ಮೆ ಒತ್ತಿದರೆ ಎರಡು ಬಾರಿ ಬೀಳತೊಡಗಿತು.

ಇಂಗ್ಲಿಷ್ ಟೈಪ್ ಮಾಡುವವರಿಗೆ ಎಫ್ ಕೆಟ್ಟರೆ ಅಂಥ ದೊಡ್ಡ ವಿಷಯವಲ್ಲ. ನುಡಿಯ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವುದೇ ಆ ಕೀಲಿ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಆಮೇಲೆ ಡಬ್ಲ್ಯೂ. (ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರಿಗೆ ಈ ಕೆಲಸವನ್ನು ಡಿ ಕೀಲಿ ಮಾಡುತ್ತದೆ.) ಎಫ್ ಎರಡು ಬಾರಿ ಬಿದ್ದರೆ ಒತ್ತು ಕೂಡಿಕೊಳ್ಳುವುದೇ ಇಲ್ಲ. ಒಂದು ಪುಟದ ಅರ್ಜಿಯಲ್ಲಿ ಎಷ್ಟು ಒತ್ತಕ್ಷರಗಳಿವೆ ಎಂಬುದು ನನಗೆ ಗೊತ್ತಾದದ್ದು ಆ ಜುಲೈಯಲ್ಲಿ.

ಕಾರಣ ಸರಳ. ಸ್ವಿಚ್ಚಿನೊಳಗೆ ಲೋಹದ ಎರಡು ತೆಳು ಎಲೆಗಳು ಒಂದನ್ನೊಂದು ಮುಟ್ಟಿದಾಗ ಕೆಲವು ಮಿಲಿಸೆಕೆಂಡು ಅದುರುತ್ತವೆ. ಆ ಅದುರು ನಿಲ್ಲುವವರೆಗೆ ಕಾದು ಒಂದೇ ಒತ್ತು ಎಂದು ಲೆಕ್ಕ ಹಿಡಿಯುವುದು ಕೀಬೋರ್ಡಿನ ಚಿಪ್ಪಿನ ಕೆಲಸ. ತೇವ ಮತ್ತು ದೂಳು ಸೇರಿ ಎಲೆಗಳ ಮೇಲೆ ಪೊರೆ ಕಟ್ಟಿದರೆ ಅದುರು ಉದ್ದವಾಗುತ್ತದೆ, ಚಿಪ್ಪು ಎರಡೆಂದು ಎಣಿಸುತ್ತದೆ. ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು ಹಿಡಿಯುವ ಊರಿನಲ್ಲಿ ಇದು ಆಗದಿದ್ದರೆ ಆಶ್ಚರ್ಯ. ಮಾರಿದವರು ಬೆಂಗಳೂರಿಗೆ ಕೊರಿಯರ್ ಮಾಡಿ ಎಂದರು. ನಾನು ಅವಸರಕ್ಕೆ ಬಿದ್ದು ರೇಡಿಯೊ ರಿಪೇರಿಯವರಿಂದ ಬೆಸುಗೆ ಬಿಡಿಸಲು ಹೋದೆ. ಸ್ವಿಚ್ಚಿನ ಜೊತೆಗೆ ಬೋರ್ಡಿನ ತಾಮ್ರದ ಗೆರೆಯೂ ಎದ್ದು ಬಂತು. ಮೂರು ಸಾವಿರ ರೂಪಾಯಿ ಅಲ್ಲಿಗೆ ಮುಗಿಯಿತು.

ಆದ್ದರಿಂದ ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ‘ಹಾಟ್-ಸ್ವಾಪ್’ ಎಂದು ಬರೆದುಕೊಳ್ಳಿ. ಇದರಲ್ಲಿ ಸ್ವಿಚ್ಚುಗಳು ಬೆಸುಗೆಯಿಲ್ಲದೆ ಸಾಕೆಟ್ಟಿನಲ್ಲಿ ಕುಳಿತಿರುತ್ತವೆ. ಪೆಟ್ಟಿಗೆಯಲ್ಲೇ ಬರುವ ಚಿಮಟದಿಂದ ಕಿತ್ತು ಹೊಸದನ್ನು ಒತ್ತಿದರೆ ಆಯಿತು. ಬಿಡಿ ಸ್ವಿಚ್ಚು ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುತ್ತದೆ. ಎರಡು ಎಚ್ಚರಿಕೆ ಮಾತ್ರ. ಅಗ್ಗದ ಕೆಲವು ಬೋರ್ಡುಗಳ ಸಾಕೆಟ್ಟಿಗೆ ಔಟೆಮು ಕಂಪನಿಯ ತೆಳು ಪಿನ್ನಿನ ಸ್ವಿಚ್ಚುಗಳು ಮಾತ್ರ ಹಿಡಿಯುತ್ತವೆ, ವಿವರಣೆಯನ್ನು ಪೂರ್ತಿ ಓದಿ. ಇನ್ನೊಂದು, ಬೋರ್ಡು ಮೂರು ಪಿನ್ನಿನದೋ ಐದು ಪಿನ್ನಿನದೋ ನೋಡಿ. ಐದು ಪಿನ್ನಿನ ಸ್ವಿಚ್ಚಿನಲ್ಲಿ ಎರಡು ಬರೀ ಪ್ಲಾಸ್ಟಿಕ್ ಕಾಲುಗಳು, ಅವನ್ನು ಉಗುರುಕತ್ತರಿಯಿಂದ ಕತ್ತರಿಸಿದರೆ ಮೂರು ಪಿನ್ನಿನದಕ್ಕೂ ಕೂರುತ್ತದೆ.

ಈಗ ಬಣ್ಣ. ಈ ಬಣ್ಣಗಳ ಹೆಸರು ಬಂದದ್ದು ಜರ್ಮನಿಯ ಚೆರಿ ಕಂಪನಿಯಿಂದ. ಅದರ ಪೇಟೆಂಟ್ ಮುಗಿದ ಮೇಲೆ ಗ್ಯಾಟೆರಾನ್, ಕೈಲ್, ಔಟೆಮು ಮುಂತಾದ ಚೀನಾದ ಕಂಪನಿಗಳು ಅದೇ ಆಕಾರದ ಸ್ವಿಚ್ಚುಗಳನ್ನು ಧಾರಾಳವಾಗಿ ಮಾಡತೊಡಗಿದವು. ನಿಮ್ಮ ನಾಲ್ಕು ಸಾವಿರಕ್ಕೆ ಮೆಕ್ಯಾನಿಕಲ್ ಸಿಗುತ್ತಿರುವುದು ಅದರಿಂದಲೇ. ಚೆರಿಯ ಲೆಕ್ಕದಲ್ಲಿ ಕೆಂಪಿಗೆ ಸುಮಾರು 45 ಗ್ರಾಂ ಭಾರದ ಒತ್ತು ಸಾಕು, ಕಂದಿಗೆ 55, ನೀಲಿಗೆ 60. ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಸುಮಾರು 2 ಮಿಲಿಮೀಟರಿಗೇ ಅಕ್ಷರ ಬೀಳುತ್ತದೆ. ಕೆಂಪು ಎಲ್ಲಿಯೂ ತಡೆಯದೆ ಇಳಿಯುತ್ತದೆ, ಕಂದಿನಲ್ಲಿ ನಡುವೆ ಒಂದು ಸಣ್ಣ ಉಬ್ಬು ಬೆರಳಿಗೆ ತಿಳಿಯುತ್ತದೆ, ನೀಲಿ ಉಬ್ಬಿನ ಜೊತೆಗೆ ಟಿಕ್ ಎಂದು ಸದ್ದನ್ನೂ ಮಾಡುತ್ತದೆ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ನೀಲಿಯ ಸದ್ದು ಯಾರಿಗೂ ಕೇಳಿಸದು, ಆದರೆ ಮಗು ಡಿಸೆಂಬರಿನಲ್ಲೂ ಮಲಗಬೇಕಲ್ಲ. ಕೆಂಪಿನ ಮೇಲೆ ಬೆರಳು ಇಟ್ಟುಕೊಂಡೇ ಯೋಚಿಸುವ ಅಭ್ಯಾಸವಿದ್ದರೆ ಬೇಡದ ಅಕ್ಷರಗಳು ಬೀಳುತ್ತವೆ, ನನಗೆ ಆ ಅಭ್ಯಾಸವಿದೆ. ನಿಮಗೆ ಕಂದು ಸಾಕು. ಕಂದೆಂದರೆ ಮರಳು ಬಿದ್ದ ಕೆಂಪು ಎಂದು ಹಾಸ್ಯ ಮಾಡುವವರಿದ್ದಾರೆ, ಮಾಡಲಿ.

ಒಂದು ಮಾತು ಹೇಳಲೇಬೇಕು. ಮಗುವನ್ನು ಎಬ್ಬಿಸುವುದು ಅಕ್ಷರದ ಕೀಲಿಗಳಿಗಿಂತ ಹೆಚ್ಚಾಗಿ ಸ್ಪೇಸ್ ಬಾರ್. ಉದ್ದದ ಕೀಲಿಗಳ ಕೆಳಗೆ ಸ್ಟೆಬಿಲೈಸರ್ ಎಂಬ ತಂತಿ ಇರುತ್ತದೆ, ಕಡಿಮೆ ಬೆಲೆಯವುಗಳಲ್ಲಿ ಅದು ಗಲಗಲ ಎನ್ನುತ್ತದೆ. ತಂತಿಯ ಎರಡು ತುದಿಗೆ ಚೂರು ಡೈಎಲೆಕ್ಟ್ರಿಕ್ ಗ್ರೀಸ್ ಸವರಿದರೆ ಅರ್ಧಕ್ಕಿಂತ ಹೆಚ್ಚು ಸದ್ದು ಹೋಗುತ್ತದೆ.

ಗಾತ್ರದ ವಿಷಯದಲ್ಲಿ ಚಿತ್ರ ನೋಡಿ ಮರುಳಾಗಬೇಡಿ. 61 ಕೀಲಿಗಳ ಪುಟ್ಟ ಬೋರ್ಡುಗಳು ಮುದ್ದಾಗಿರುತ್ತವೆ, ಬಾಣದ ಕೀಲಿಗಳೇ ಇರುವುದಿಲ್ಲ. ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಿಸುವ ಸ್ಕ್ರಾಲ್ ಲಾಕ್ ಕೂಡ ಇರುವುದಿಲ್ಲ. ನಿಮಗೆ 87 ಕೀಲಿಗಳದು ಸರಿ. ಅದರಲ್ಲೂ ಕೆಲವು ಮಾದರಿಗಳಲ್ಲಿ ಸ್ಕ್ರಾಲ್ ಲಾಕ್ ಜಾಗದಲ್ಲಿ ದೀಪದ ಗುಂಡಿ ಕೂರಿಸಿರುತ್ತಾರೆ, ಮೇಲಿನ ಬಲಮೂಲೆಯನ್ನು ಹಿಗ್ಗಿಸಿ ನೋಡಿ. ತೋಟದ ಲೆಕ್ಕ, ಕಾಫಿ ಚೀಲದ ತೂಕ ಬರೆಯುವ ಕೆಲಸವಿದ್ದರೆ ಮಾತ್ರ ಅಂಕಿಗಳ ಪಟ್ಟಿಯಿರುವ 104 ಕೀಲಿಗಳದು.

ವೈರ್‌ಲೆಸ್‌ಗೆ ಹಣ ಹಾಕಬೇಡಿ. ಈ ಬೆಲೆಯಲ್ಲಿ ಬ್ಯಾಟರಿಗೆ ಕೊಟ್ಟ ಹಣ ಸ್ವಿಚ್ಚಿನಿಂದಲೋ, ಕೀಲಿಯ ಮೇಲಿನ ಟೊಪ್ಪಿಯಾದ ಕೀಕ್ಯಾಪಿನಿಂದಲೋ ಕಡಿತವಾಗಿರುತ್ತದೆ. ಬಣ್ಣದ ದೀಪಗಳಂತೂ ಕರೆಂಟು ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ಕುಡಿಯುತ್ತವೆ, ನಮ್ಮಲ್ಲಿ ಕರೆಂಟು ಹೋಗುವುದು ನಿಮಗೆ ಹೇಳಬೇಕಾದ ವಿಷಯವಲ್ಲ. ಆದರೆ ಕೇಬಲ್ ಕಳಚುವಂತಿರಲಿ, ಟೈಪ್-ಸಿ ಇರಲಿ. ನನ್ನ ಅಂಗಡಿಯ ಇಲಿಗಳು ಈವರೆಗೆ ಎರಡು ಕೇಬಲ್ ತಿಂದಿವೆ. ಕೀಕ್ಯಾಪ್ ಪಿಬಿಟಿ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು. ಎಬಿಎಸ್ ಆದರೆ ಕೆಲವೇ ತಿಂಗಳಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ, ಕೆಲಸಕ್ಕೆ ಅಡ್ಡಿಯಿಲ್ಲ.

‘ಮೆಕ್ಯಾನಿಕಲ್ ಫೀಲ್’ ಎಂದು ಬರೆದಿದ್ದರೆ ಅದು ಮೆಕ್ಯಾನಿಕಲ್ ಅಲ್ಲ, ಒಳಗಿರುವುದು ರಬ್ಬರು. ಎಂಟುನೂರು ರೂಪಾಯಿಗೆ ಸಿಗುವುದೆಲ್ಲ ಬಹುತೇಕ ಅದೇ ಜಾತಿ.

ಹೆಸರು ಹೇಳಿ ಎಂದರೆ, ಅನೇಕರು ಸೂಚಿಸುವ ಕೀಕ್ರಾನ್ ಸಿ3 ಪ್ರೊ 87 ಕೀಲಿಗಳ ತಂತಿಯ ಬೋರ್ಡು. ವಿಯಾ ಎಂಬ ತಂತ್ರಾಂಶದಿಂದ ಯಾವ ಕೀಲಿಗೆ ಯಾವ ಕೆಲಸ ಎಂದು ಬದಲಿಸಬಹುದು, ಇಲ್ಲದ ಸ್ಕ್ರಾಲ್ ಲಾಕನ್ನೂ ತಂದು ಕೂರಿಸಬಹುದು. ಆದರೆ ಅದರ ಮೊದಲ ಆವೃತ್ತಿ ಬೆಸುಗೆಯದು. ರೆಡ್ರ್ಯಾಗನ್ ಕೆ617 ಹಾಟ್-ಸ್ವಾಪ್, ಆದರೆ 61 ಕೀಲಿಗಳದು. ಈ ಎರಡು ಬೋರ್ಡುಗಳಲ್ಲಿ ಒಂದಿದ್ದರೆ ಒಂದಿರುವುದಿಲ್ಲ. 87 ಕೀಲಿ, ಹಾಟ್-ಸ್ವಾಪ್ ಎರಡೂ ಇರುವ ಒಳ್ಳೆಯ ಬ್ರ್ಯಾಂಡಿನ ಬೋರ್ಡು ದಸರಾ–ದೀಪಾವಳಿಯ ರಿಯಾಯಿತಿಯಲ್ಲಿ ನಿಮ್ಮ ಬೆಲೆಗೆ ಇಳಿಯುವವರೆಗೆ ಕಾಯಲು ಆದರೆ ಕಾಯಿರಿ. ಆಗದಿದ್ದರೆ ಬ್ರ್ಯಾಂಡಿನ ಹೆಸರು ಬಿಟ್ಟುಕೊಡಿ, ಹಾಟ್-ಸ್ವಾಪ್ ಬಿಟ್ಟುಕೊಡಬೇಡಿ.

ಬಂದ ಮೇಲೆ ಹತ್ತು ಬಿಡಿ ಸ್ವಿಚ್ಚುಗಳನ್ನೂ ತರಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ರಾತ್ರಿ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿ, ಒಣಗಲೆಂದು ಒಲೆಯ ಹತ್ತಿರ ಮಾತ್ರ ಇಡಬೇಡಿ. ಹಿಂತಿರುಗಿಸುವ ಅವಧಿ ಮುಗಿಯುವ ಮುನ್ನವೇ ಎಲ್ಲ ಕೀಲಿಗಳನ್ನೂ ಪರೀಕ್ಷಿಸಿ, ಎಫ್ ಕೀಲಿಯನ್ನು ನೂರು ಬಾರಿ ಒತ್ತಿ ಪರದೆಯಲ್ಲಿ ನೂರೇ ಬಿದ್ದಿವೆಯೇ ಎಂದು ಎಣಿಸಿ.